23 ಬಿಟ್ ಎನ್‌ಕೋಡರ್ ಹಾಕಿದರೆ ಟೇಬಲ್ ನಿಖರವಾಗುತ್ತದೆಯೇ?

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುತ್ತೇನೆ. ಗ್ರಾಹಕರೊಬ್ಬರಿಗೆ ರೋಟರಿ ಟೇಬಲ್ ಮಾಡಿಕೊಡುತ್ತಿದ್ದೇವೆ. ಅದರ ಶಾಫ್ಟಿಗೆ, ಎಷ್ಟು ತಿರುಗಿತೆಂದು ಅಳೆಯಲು, 20 ಬಿಟ್‌ನ ಆಪ್ಟಿಕಲ್ ಎನ್‌ಕೋಡರ್ ಕೂರಿಸಿದ್ದೇವೆ. ಗಾಜಿನ ಡಿಸ್ಕ್, ಗೆರೆಗಳಿರುವ ವೃತ್ತದ ವ್ಯಾಸ 104 ಮಿ.ಮೀ., 16,384 ಗೆರೆಗಳು, ಅವನ್ನು ಓದುವ ಒಂದು ರೀಡ್‌ಹೆಡ್. ಲೆಕ್ಕದಂತೆ ಕೋನದ 1.2 ಸೆಕೆಂಡ್‌ವರೆಗೆ ಸರಿ ಇರಬೇಕು. 12 ಕನ್ನಡಿ ಮುಖದ ಪಾಲಿಗನ್ ಇಟ್ಟು, ಬೆಳಕಿನಿಂದ ಕೋನ ಅಳೆಯುವ ಆಟೋಕಾಲಿಮೇಟರಿನಲ್ಲಿ ನೋಡಿದರೆ ಒಂದು ಕಡೆ 38 ಸೆಕೆಂಡ್ ಹೆಚ್ಚು, ಅದರ ಎದುರಿಗೆ ಅಷ್ಟೇ ಕಡಿಮೆ. 23 ಬಿಟ್‌ನದು ಹಾಕಿ ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ಹಾಕಲೇ? ಗ್ರೇ ಕೋಡ್, ಅಬ್ಸಲ್ಯೂಟ್ ಎಂದೆಲ್ಲ ಹೇಳುತ್ತಾರಲ್ಲ, ಅದನ್ನೂ ತಿಳಿಸಿ.

ಉತ್ತರ: ಹಾಕಬೇಡಿ. 23 ಬಿಟ್ ಹಾಕಿದರೂ ನಿಮ್ಮ 38 ಸೆಕೆಂಡ್ ತಪ್ಪು 38 ಸೆಕೆಂಡಾಗಿಯೇ ಇರುತ್ತದೆ. ಅದೇ ತಪ್ಪನ್ನು ಇನ್ನೊಂದು ದಶಮಾಂಶ ಸ್ಥಾನದವರೆಗೆ ಓದುವ ಭಾಗ್ಯ ಸಿಗುತ್ತದೆ, ಅಷ್ಟೇ.

ಮೊದಲು ಬಿಟ್‌ಗಳ ಲೆಕ್ಕ ಮುಗಿಸಿಬಿಡೋಣ. ಒಂದು ಸುತ್ತಿಗೆ 360 ಡಿಗ್ರಿ, ಅಂದರೆ ಕೋನದ 12,96,000 ಸೆಕೆಂಡ್. 20 ಬಿಟ್ ಎಂದರೆ ಆ ಸುತ್ತನ್ನು ಎರಡರ ಇಪ್ಪತ್ತನೇ ಘಾತದಷ್ಟು, ಅಂದರೆ 10,48,576 ಪಾಲು ಮಾಡಿದಂತೆ. ಒಂದು ಪಾಲಿಗೆ 1.24 ಸೆಕೆಂಡ್. 23 ಬಿಟ್‌ಗೆ 0.15 ಸೆಕೆಂಡ್. ನಿಮ್ಮ ಡಿಸ್ಕಿನ ಮೇಲೆ ಹತ್ತು ಲಕ್ಷ ಗೆರೆಗಳೇನೂ ಇಲ್ಲ. ಇರುವುದು 16,384, ಅಂದರೆ 14 ಬಿಟ್. ಒಂದು ಗೆರೆಯಿಂದ ಇನ್ನೊಂದಕ್ಕೆ 79 ಸೆಕೆಂಡ್. ಉಳಿದ 6 ಬಿಟ್ ಬಂದದ್ದು ಎಲೆಕ್ಟ್ರಾನಿಕ್ಸಿನಿಂದ. ಅದು ಪ್ರತಿ ಗೆರೆಯ ಅಂತರವನ್ನು 64 ಪಾಲು ಮಾಡುತ್ತದೆ. ಮಾರಾಟಗಾರರು ಹೇಳುವ 23 ಬಿಟ್‌ನ ಎನ್‌ಕೋಡರಿನಲ್ಲೂ ಬಹುಮಟ್ಟಿಗೆ ಇದೇ ಡಿಸ್ಕ್ ಇರುತ್ತದೆ, 64ರ ಬದಲು 512 ಪಾಲು ಮಾಡುತ್ತಾರೆ. ಬಿಟ್ ಎಂಬುದು ಪಾಲುಗಳ ಎಣಿಕೆ. ಆ ಪಾಲು ಇರಬೇಕಾದ ಜಾಗದಲ್ಲಿಯೇ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಹಾಗಾದರೆ 38 ಸೆಕೆಂಡ್ ಎಲ್ಲಿಂದ ಬಂತು? ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ: ಒಂದು ಕಡೆ ಹೆಚ್ಚು, ಎದುರಿಗೆ ಅಷ್ಟೇ ಕಡಿಮೆ. ಸುತ್ತಿಗೆ ಒಂದೇ ಏರು, ಒಂದೇ ಇಳಿವು. ಡಿಸ್ಕಿನ ನಡು ಶಾಫ್ಟಿನ ನಡುವಿನ ಮೇಲೆ ಕೂತಿಲ್ಲ. ಕುಂಬಾರನ ಚಕ್ರದ ಮೇಲೆ ಮಣ್ಣಿನ ಮುದ್ದೆ ನಡು ತಪ್ಪಿ ಕೂತರೆ ಏನಾಗುತ್ತದೆಂದು ನೋಡಿದ್ದೀರಲ್ಲ? ಬೆರಳನ್ನು ಅಲ್ಲಾಡದಂತೆ ಹಿಡಿದರೂ ಮಣ್ಣು ಒಮ್ಮೆ ಬೆರಳಿಗೆ ಒತ್ತಿ ಬರುತ್ತದೆ, ಅರ್ಧ ಸುತ್ತಿನಲ್ಲಿ ದೂರ ಸರಿಯುತ್ತದೆ. ನಿಮ್ಮ ರೀಡ್‌ಹೆಡ್ ಆ ಬೆರಳು. ವ್ಯತ್ಯಾಸ ಇಷ್ಟೇ: ಡಿಸ್ಕ್ ಒಳಗೆ ಹೊರಗೆ ಸರಿಯುವುದು ಹೆಡ್ಡಿಗೆ ಅಷ್ಟಾಗಿ ಕಾಣುವುದಿಲ್ಲ, ಗೆರೆಗಳ ಉದ್ದಕ್ಕೇ ಸರಿದಂತಾಗುತ್ತದೆ. ಗೆರೆಗಳಿಗೆ ಅಡ್ಡವಾಗಿ ಸರಿದದ್ದು ಮಾತ್ರ ಕಾಣುತ್ತದೆ, ಅದನ್ನು ಹೆಡ್ ತಿರುಗುವಿಕೆ ಎಂದೇ ತಿಳಿದುಕೊಳ್ಳುತ್ತದೆ.

ಎಷ್ಟು ನಡು ತಪ್ಪಿರಬಹುದು? ತಪ್ಪಿದ ದೂರವನ್ನು ಗೆರೆಗಳ ವೃತ್ತದ ತ್ರಿಜ್ಯದಿಂದ ಭಾಗಿಸಿ 2,06,265ರಿಂದ (ಒಂದು ರೇಡಿಯನ್ ಕೋನಕ್ಕೆ ಇಷ್ಟು ಸೆಕೆಂಡ್) ಗುಣಿಸಿದರೆ ಸೆಕೆಂಡಿನಲ್ಲಿ ತಪ್ಪು ಸಿಗುತ್ತದೆ. ನಿಮ್ಮ ತ್ರಿಜ್ಯ 52 ಮಿ.ಮೀ. ಹಿಂದುಮುಂದಾಗಿ ಲೆಕ್ಕ ಹಾಕಿದರೆ 38 ಸೆಕೆಂಡಿಗೆ ಹತ್ತಿರ ಹತ್ತಿರ 10 ಮೈಕ್ರಾನ್. ತಲೆಗೂದಲಿನ ದಪ್ಪವನ್ನು 70 ಮೈಕ್ರಾನ್ ಎಂದುಕೊಳ್ಳಿ, ಅದರ ಏಳನೇ ಒಂದು ಪಾಲು. ನಿಮ್ಮ ಹುಡುಗರು ಡಿಸ್ಕನ್ನು ಕೆಟ್ಟದಾಗಿ ಕೂರಿಸಿದ್ದಾರೆಂದು ನಾನು ಹೇಳುತ್ತಿಲ್ಲ. ಲೇತಿನ ಕೆಲಸದ ಅಳತೆಯಲ್ಲಿ 10 ಮೈಕ್ರಾನ್ ಬಹಳ ಒಳ್ಳೆಯ ಕೆಲಸ. ಆದರೆ ನಿಮ್ಮ ಗೆರೆಯಿಂದ ಗೆರೆಗೆ ಇರುವ ಅಂತರವೇ 20 ಮೈಕ್ರಾನ್. ಈ ಕಡೆಯಿಂದ ಆ ಕಡೆಗೆ ಒಟ್ಟು ಒಂದಿಡೀ ಗೆರೆಯಷ್ಟು ತಪ್ಪಾಗುತ್ತಿದೆ. ಒಂದು ಗೆರೆಯನ್ನೇ ತಪ್ಪಿಸಿಕೊಂಡ ಮೇಲೆ ಅದನ್ನು 64 ಪಾಲು ಮಾಡಿದರೇನು, 512 ಮಾಡಿದರೇನು?

ಇದಕ್ಕೆ ದಾರಿ ಎರಡು. ಮೊದಲನೆಯದು ಡಿಸ್ಕನ್ನು ಇನ್ನೂ ಚೆನ್ನಾಗಿ ನಡುವಿಗೆ ತರುವುದು. ಡಿಸ್ಕನ್ನು ಶಾಫ್ಟಿಗೆ ಹಿಡಿಸುವ ಹಬ್ಬಿನ ಹೊರಮೈಗೆ ಡಯಲ್ ಗೇಜ್ ಇಟ್ಟು ನೋಡಿದರೆ ಸಾಲದು. ಹಬ್ಬಿನ ನಡು ಬೇರೆ, ಗೆರೆಗಳ ವೃತ್ತದ ನಡು ಬೇರೆ. ಗಾಜನ್ನು ಹಬ್ಬಿಗೆ ಅಂಟಿಸುವಾಗಲೇ ಕೆಲವು ಮೈಕ್ರಾನ್ ಸರಿದಿರುತ್ತದೆ. ಗೆರೆಗಳನ್ನೇ ನೋಡಿ ನಡುವಿಗೆ ತರಬೇಕು. ಕೆಲವು ಡಿಸ್ಕುಗಳಲ್ಲಿ ಇದಕ್ಕೆಂದೇ ಗೆರೆಗಳ ಪಕ್ಕದಲ್ಲಿ ಒಂದು ತೆಳು ಉಂಗುರ ಬರೆದಿರುತ್ತಾರೆ. ಅದರ ಮೇಲೆ ಮೈಕ್ರೋಸ್ಕೋಪ್ ಇಟ್ಟು, ಡಿಸ್ಕನ್ನು ನಿಧಾನವಾಗಿ ತಿರುಗಿಸುತ್ತಾ, ಸ್ಕ್ರೂಗಳನ್ನು ಅರೆಬಿಗಿಯಲ್ಲಿಟ್ಟು, ಹಬ್ಬಿನ ಅಂಚನ್ನು ಪ್ಲಾಸ್ಟಿಕ್ ಸುತ್ತಿಗೆಯ ಹಿಡಿಕೆಯಿಂದ ಮೆಲ್ಲಗೆ ತಟ್ಟಬೇಕು. ಒಂದು ಮಧ್ಯಾಹ್ನ ಹಿಡಿಯುವ ಕೆಲಸ. ಎರಡು ಮೂರು ಮೈಕ್ರಾನ್‌ಗೆ ತಂದು ಬಿಗಿ ಮಾಡಿದೆವು ಎನ್ನುವಷ್ಟರಲ್ಲಿ, ಬಿಗಿ ಮಾಡಿದ್ದಕ್ಕೇ ಮತ್ತೆ ಎರಡು ಮೈಕ್ರಾನ್ ಸರಿದಿರುತ್ತದೆ.

ಎರಡನೆಯ ದಾರಿಯೇ ನಾನು ಹೇಳುವುದು: ಈಗಿರುವ ಹೆಡ್ಡಿನ ನೇರ ಎದುರಿಗೆ, 180 ಡಿಗ್ರಿಯಲ್ಲಿ, ಇನ್ನೊಂದು ಹೆಡ್ ಹಾಕಿ ಎರಡರ ಸರಾಸರಿ ತೆಗೆದುಕೊಳ್ಳಿ. ಡಿಸ್ಕ್ ಒಂದು ಕಡೆ ಸರಿದಾಗ ಒಂದು ಹೆಡ್ಡಿಗೆ ಮುಂದೆ ಹೋದಂತೆ ಕಂಡರೆ, ಇನ್ನೊಂದಕ್ಕೆ ಅಷ್ಟೇ ಹಿಂದೆ ಬಂದಂತೆ ಕಾಣುತ್ತದೆ. ಕೂಡಿ ಅರ್ಧ ಮಾಡಿದರೆ ಸರಿದದ್ದು ವಜಾ ಆಗಿ ತಿರುಗಿದ್ದು ಮಾತ್ರ ಉಳಿಯುತ್ತದೆ. ಎರಡನೇ ಹೆಡ್ ಕರಾರುವಾಕ್ಕಾಗಿ 180ರಲ್ಲೇ ಕೂರಬೇಕೆಂಬ ಆತಂಕವೂ ಬೇಡ. ಒಂದು ಡಿಗ್ರಿ ಆಚೀಚೆಯಾದರೂ ನಿಮ್ಮ 38ರಲ್ಲಿ ಉಳಿಯುವುದು ಸುಮಾರು ಮೂರನೇ ಒಂದು ಸೆಕೆಂಡ್.

ಇದೇನು ಹೊಸ ಉಪಾಯವಲ್ಲ. ಕೋನ ಅಳೆಯುವ ದೊಡ್ಡ ಥಿಯೋಡಲೈಟುಗಳ ಕಾಲದಿಂದಲೂ ವೃತ್ತವನ್ನು ಎದುರುಬದುರು ಮೈಕ್ರೋಸ್ಕೋಪುಗಳಲ್ಲಿ ಓದಿ ಸರಾಸರಿ ತೆಗೆಯುವುದು ಸರ್ವೇಯವರ ವಾಡಿಕೆ. 1800ರಲ್ಲಿ ಬೆಂಗಳೂರಿನ ಬಳಿ ಸರ್ವೇಗೆ ಆಧಾರರೇಖೆ ಅಳೆದ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್, ಮುಂದೆ ಅರ್ಧ ಟನ್ ತೂಕದ ಥಿಯೋಡಲೈಟನ್ನು ದಕ್ಷಿಣ ಭಾರತದುದ್ದಕ್ಕೂ ಹೊರಿಸಿಕೊಂಡು ಹೋದ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ತುಂಡಾಗಿ, ಉಪಕರಣ ಗೋಡೆಗೆ ಬಡಿದು, ಅದರ ವೃತ್ತವೇ ಸೊಟ್ಟಗಾಯಿತು. ಆತ ವಾರಗಟ್ಟಲೆ ಕೂತು ಅದನ್ನು ಮತ್ತೆ ದುಂಡಗೆ ಮಾಡಿ ಕೆಲಸ ಮುಂದುವರಿಸಿದ. ಸೊಟ್ಟಗಾಗಿದ್ದ ವೃತ್ತವನ್ನು ನಂಬಿ ಕೆಲಸ ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಒಂದೇ ಕಡೆ ಓದಬಾರದು ಎಂಬುದೇ ಉತ್ತರದ ಮುಖ್ಯ ಭಾಗ.

ಕಂಟ್ರೋಲರಿನಲ್ಲಿ ತಪ್ಪಿನ ಪಟ್ಟಿ ತುಂಬಿಸಿ ಒಂದೇ ಹೆಡ್ಡಿನಲ್ಲಿ ಸುಧಾರಿಸಬಹುದಲ್ಲ ಎಂದು ನಿಮಗೆ ಅನಿಸಿರಬಹುದು. ತುಂಬಿಸಬಹುದು, ಡಿಸ್ಕ್ ಕೂತ ರೀತಿಯಿಂದ ಬರುವ ತಪ್ಪು ಅದರಿಂದ ಹೋಗುತ್ತದೆ. ಆದರೆ ಬೇರಿಂಗ್ ಕೂಡ ಶಾಫ್ಟನ್ನು ಅಲ್ಲಾಡಿಸುತ್ತದೆ, ಮತ್ತು ಬಾಲ್ ಬೇರಿಂಗ್ ಪ್ರತಿ ಸುತ್ತಿನಲ್ಲೂ ಒಂದೇ ರೀತಿ ಅಲ್ಲಾಡಿಸುವುದಿಲ್ಲ. ಶಾಫ್ಟ್ ಒಂದು ಸುತ್ತು ತಿರುಗುವಾಗ ಗುಂಡುಗಳನ್ನು ಹಿಡಿದಿರುವ ಕೇಜ್ ಸುಮಾರು 0.4 ಸುತ್ತು ಮಾತ್ರ ತಿರುಗಿರುತ್ತದೆ. ಹಾಗಾಗಿ ಮುಂದಿನ ಸುತ್ತಿನಲ್ಲಿ ಅದೇ ಕೋನಕ್ಕೆ ಬಂದಾಗ ಶಾಫ್ಟಿನ ಕೆಳಗಿರುವ ಗುಂಡು ಬೇರೆ. ಒಂದು ಮೈಕ್ರಾನಿನಷ್ಟು ಹೀಗೆ ಅಲ್ಲಾಡಿದರೆ ನಿಮ್ಮ ಡಿಸ್ಕಿನಲ್ಲಿ 4 ಸೆಕೆಂಡ್. ಈ ಪಟ್ಟಿಯಲ್ಲಿ ಇಂದು ತುಂಬಿದ ಅಂಕಿ ನಾಳೆಗೆ ಹಳಸಿರುತ್ತದೆ. ಎದುರುಬದುರು ಹೆಡ್‌ಗಳಿದ್ದರೆ ಅದೂ ಆ ಕ್ಷಣದಲ್ಲೇ ವಜಾ ಆಗುತ್ತದೆ. ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ: ಎರಡು ಹೆಡ್‌ಗಳ ವ್ಯತ್ಯಾಸವನ್ನು ಪರದೆಯ ಮೇಲೆ ಇಟ್ಟುಕೊಂಡರೆ ನಡು ಎಷ್ಟು ತಪ್ಪಿದೆ ಎಂದು ಅದೇ ತೋರಿಸುತ್ತದೆ. ಮೈಕ್ರೋಸ್ಕೋಪೂ ಬೇಡ, ಆ ಅಂಕಿ ನೋಡುತ್ತಲೇ ಹಬ್ಬನ್ನು ತಟ್ಟಿ ಸರಿಪಡಿಸಬಹುದು.

ಎರಡು ಹೆಡ್ ಹಾಕಿದ ಮೇಲೂ ಸುತ್ತಿಗೆ ಎರಡು ಏರು, ಎರಡು ಇಳಿವು ಉಳಿಯಬಹುದು. ಡಿಸ್ಕ್ ಕೊಂಚ ಅಂಡಾಕಾರವಾಗಿ ಬಿಗಿದುಕೊಂಡಿದ್ದರೆ ಹಾಗಾಗುತ್ತದೆ. ಎದುರುಬದುರು ಹೆಡ್‌ಗಳು ಒಂದು, ಮೂರು, ಐದು ಏರಿಳಿತಗಳ ತಪ್ಪನ್ನು ಮಾತ್ರ ಅಳಿಸುತ್ತವೆ. ಎರಡು, ನಾಲ್ಕು, ಆರು ಹಾಗೇ ದಾಟಿ ಬರುತ್ತವೆ. ನಾಲ್ಕು ಹೆಡ್‌ಗಳನ್ನು 90 ಡಿಗ್ರಿಗೊಂದರಂತೆ ಇಟ್ಟರೆ ನಾಲ್ಕು, ಎಂಟು, ಹನ್ನೆರಡು ಬಿಟ್ಟು ಉಳಿದೆಲ್ಲವೂ ಹೋಗುತ್ತವೆ. ನಿಮಗೆ ಅಷ್ಟು ಬೇಕಿಲ್ಲ.

ಇನ್ನು ಬೆಳಕಿನ ಭಾಗ. ಹೆಡ್ಡಿನೊಳಗೆ ಒಂದು ಎಲ್‌ಇಡಿ, ಅದರ ಮುಂದೆ ಬೆಳಕನ್ನು ಸಮಾನಾಂತರ ಮಾಡುವ ಲೆನ್ಸ್, ಆಮೇಲೆ ಗೆರೆಗಳಿರುವ ಡಿಸ್ಕ್, ಅದಕ್ಕೆ ಹತ್ತಿಕೊಂಡಂತೆ ಅದೇ ಅಂತರದ ಗೆರೆಗಳ ಪುಟ್ಟ ಕಿಟಕಿ, ಹಿಂದೆ ಫೋಟೋಡಯೋಡ್. ಡಿಸ್ಕಿನ ಗೆರೆ ಮತ್ತು ಕಿಟಕಿಯ ಗೆರೆ ಒಂದರ ಮೇಲೊಂದು ಬಂದಾಗ ಬೆಳಕು ದಾಟುತ್ತದೆ, ಒಂದರ ಸಂದಿಗೆ ಇನ್ನೊಂದು ಬಂದಾಗ ಮುಚ್ಚುತ್ತದೆ. ಡಿಸ್ಕ್ ತಿರುಗಿದಂತೆ ಬೆಳಕು ಏರಿಳಿಯುತ್ತದೆ. ಹೆಡ್ ಒಂದು ಗೆರೆಯನ್ನು ನೋಡುವುದಿಲ್ಲ ಎಂಬುದನ್ನು ಗಮನಿಸಿ. ಕಿಟಕಿ ಒಂದು ಮಿ.ಮೀ. ಅಗಲವಿದ್ದರೆ ನಿಮ್ಮ ಡಿಸ್ಕಿನ 50 ಗೆರೆಗಳನ್ನು ಒಟ್ಟಿಗೆ ನೋಡುತ್ತಿರುತ್ತದೆ. ಅದರಲ್ಲಿ ಒಂದು ಗೆರೆ ಸವೆದಿದ್ದರೂ ಧೂಳಿನ ಕಣವೊಂದು ಕೂತಿದ್ದರೂ ಉಳಿದವು ಅದನ್ನು ನುಂಗಿಹಾಕುತ್ತವೆ.

ಕಿಟಕಿ ಒಂದಲ್ಲ, ನಾಲ್ಕು. ಒಂದಕ್ಕಿಂತ ಒಂದು ಕಾಲು ಗೆರೆಯಷ್ಟು ಸರಿದಿರುತ್ತವೆ. ಮೊದಲನೆಯದರಿಂದ ಮೂರನೆಯದನ್ನು ಕಳೆದರೆ ಒಂದು ಅಲೆ, ಎರಡನೆಯದರಿಂದ ನಾಲ್ಕನೆಯದನ್ನು ಕಳೆದರೆ ಇನ್ನೊಂದು ಅಲೆ. ಸೈನ್ ಮತ್ತು ಕೊಸೈನ್. ಹೀಗೆ ಕಳೆಯುವುದರಿಂದ ಎಲ್‌ಇಡಿ ಹಳೆಯದಾಗಿ ಮಂಕಾದರೂ ಎರಡೂ ಅಲೆಗಳು ಒಟ್ಟಿಗೆ ಚಿಕ್ಕದಾಗುತ್ತವೆ, ಕೋನ ಕೆಡುವುದಿಲ್ಲ. ಯಾವ ಅಲೆ ಮುಂದಿದೆ ಎಂಬುದರಿಂದ ತಿರುಗುವ ದಿಕ್ಕು ತಿಳಿಯುತ್ತದೆ. ಎರಡರ ಅನುಪಾತದಿಂದ ಗೆರೆಯ ಒಳಗಿನ 64 ಪಾಲು ಸಿಗುತ್ತದೆ.

ಡಿಸ್ಕ್ ಮತ್ತು ಕಿಟಕಿಯ ನಡುವಿನ ಸಂದಿನ ಬಗ್ಗೆ ಎಚ್ಚರವಿರಲಿ. ಎಲ್‌ಇಡಿ ಚುಕ್ಕೆಯಲ್ಲ, ಅದಕ್ಕೂ ಅಗಲವಿದೆ. ಉರಿಯುವ ಭಾಗ 0.3 ಮಿ.ಮೀ., ಲೆನ್ಸಿನ ನಾಭಿದೂರ 10 ಮಿ.ಮೀ. ಎಂದುಕೊಂಡರೆ, 0.1 ಮಿ.ಮೀ. ಸಂದಿನಲ್ಲಿ ಗೆರೆಯ ನೆರಳು 3 ಮೈಕ್ರಾನ್ ಹರಡುತ್ತದೆ. 20 ಮೈಕ್ರಾನ್ ಗೆರೆಗೆ ಅದು ಏನೂ ಅಲ್ಲ. ಸಂದು 0.5 ಮಿ.ಮೀ. ಆದರೆ ನೆರಳು 15 ಮೈಕ್ರಾನ್ ಹರಡಿ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಇದರ ಜೊತೆಗೆ, ಇಷ್ಟು ಕಿರಿದಾದ ಗೆರೆಗಳ ಅಂಚಿನಲ್ಲಿ ಬೆಳಕು ಬಾಗುತ್ತದೆ. ಗೆರೆಯ ಅಂತರದ ವರ್ಗವನ್ನು ಬೆಳಕಿನ ತರಂಗದೂರದಿಂದ ಭಾಗಿಸಿದರೆ, 850 ನ್ಯಾನೋಮೀಟರಿನ ಎಲ್‌ಇಡಿಗೆ ಸುಮಾರು 0.47 ಮಿ.ಮೀ. ಬರುತ್ತದೆ. ಅಷ್ಟು ದೂರ ಹೋಗುವ ಹೊತ್ತಿಗೆ ನೆರಳು ಎಂದು ನಾವು ಕರೆಯುವುದು ನೆರಳಾಗಿಯೇ ಉಳಿದಿರುವುದಿಲ್ಲ. ಸಂದು ಅದರ ಸಣ್ಣ ಪಾಲಷ್ಟೇ ಇರಬೇಕು. ತಯಾರಕರು ಹೆಡ್ಡಿನ ಜೊತೆ ಕೊಡುವ ತೆಳು ಶಿಮ್ ಹಾಳೆ ಇದಕ್ಕೇ. ಅದನ್ನು ಪ್ಯಾಕಿಂಗ್ ಎಂದುಕೊಂಡು ಎಸೆದವರನ್ನು ಕಂಡಿದ್ದೇನೆ.

ಈಗ ಕೋಡ್. ಬರೀ ಗೆರೆಗಳಿದ್ದರೆ ಎಷ್ಟು ತಿರುಗಿತು ಎಂದು ಎಣಿಸಬಹುದು, ಎಲ್ಲಿದ್ದೇನೆ ಎಂದು ಹೇಳಲಾಗದು. ಕರೆಂಟ್ ಹೋಗಿ ಬಂದರೆ ಎಣಿಕೆ ಸೊನ್ನೆ. ಟೇಬಲ್ ಮತ್ತೆ ಶೂನ್ಯದ ಗುರುತನ್ನು ಹುಡುಕಿಕೊಂಡು ತಿರುಗಬೇಕು. ಇದು ಇನ್‌ಕ್ರಿಮೆಂಟಲ್. ಎಲ್ಲಿದ್ದೇನೆಂದು ಎದ್ದ ಕೂಡಲೇ ಹೇಳುವುದು ಅಬ್ಸಲ್ಯೂಟ್. ಅದಕ್ಕೆ ಪ್ರತಿ ಜಾಗಕ್ಕೂ ಒಂದು ಹೆಸರು ಬೇಕು, ಕಪ್ಪು ಬಿಳುಪಿನಲ್ಲಿ ಬರೆದ ಹೆಸರು.

ಸಾದಾ ದ್ವಿಮಾನ ಸಂಖ್ಯೆಯಲ್ಲಿ ಬರೆದರೆ ತೊಂದರೆ. ಹಳೆಯ ಸ್ಕೂಟರಿನ ಮೀಟರಿನಲ್ಲಿ 1999 ಹೋಗಿ 2000 ಬರುವಾಗ ನಾಲ್ಕು ಅಂಕಿಗಳೂ ಒಟ್ಟಿಗೆ ಹೊರಳುತ್ತವೆ. ಅರ್ಧ ಹೊರಳಿದಾಗ ನೋಡಿದರೆ 1900 ಎಂದೋ 2999 ಎಂದೋ ಓದಬಹುದು. ದ್ವಿಮಾನದಲ್ಲಿ 7ರಿಂದ 8ಕ್ಕೆ, ಅಂದರೆ 0111ರಿಂದ 1000ಕ್ಕೆ ಹೋಗುವಾಗ ಇದೇ ಕಥೆ. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ 1947ರಲ್ಲಿ ಅರ್ಜಿ ಹಾಕಿ 1953ರಲ್ಲಿ ಪೇಟೆಂಟ್ ಪಡೆದ ಕೋಡಿನಲ್ಲಿ, ಪಕ್ಕದ ಸಂಖ್ಯೆಗೆ ಹೋಗುವಾಗ ಒಂದೇ ಒಂದು ಬಿಟ್ ಬದಲಾಗುತ್ತದೆ. 7 ಎಂದರೆ 0100, 8 ಎಂದರೆ 1100. ಗಡಿಯಲ್ಲಿ ನಿಂತು ಓದಿದರೂ ತಪ್ಪು ಒಂದು ಹೆಜ್ಜೆಗಿಂತ ಹೆಚ್ಚಾಗದು. ಆದರೆ ಪ್ರತಿ ಬಿಟ್‌ಗೂ ಡಿಸ್ಕಿನ ಮೇಲೆ ಕಪ್ಪು ಬಿಳುಪಿನ ಒಂದು ಸುತ್ತುಪಟ್ಟಿ ಬೇಕು. ಒಂದೊಂದಕ್ಕೆ ಒಂದು ಮಿ.ಮೀ. ಕೊಟ್ಟರೂ 14 ಬಿಟ್‌ಗೆ 14 ಮಿ.ಮೀ. ಅಗಲ. ಹೆಡ್ ಕೊಂಚ ಓರೆಯಾದರೆ ಒಳಪಟ್ಟಿಗೂ ಹೊರಪಟ್ಟಿಗೂ ತಾಳ ತಪ್ಪುತ್ತದೆ.

ಈಚಿನ ಡಿಸ್ಕುಗಳಲ್ಲಿ ಒಂದೇ ಪಟ್ಟಿಯಲ್ಲಿ ಎಲ್ಲ ಹೆಸರುಗಳನ್ನೂ ಹೆಣೆದಿರುತ್ತಾರೆ. ಇದು ಹೇಗೆ ಸಾಧ್ಯ ಎಂದು ಎಂಜಿನಿಯರಿಂಗ್ ಓದಿದವರೂ ಕೇಳುತ್ತಾರೆ. ಪ್ರೌಢಶಾಲೆಯ ಕನ್ನಡ ಪಾಠ ನೆನಪಿದ್ದರೆ ನಿಮಗೆ ಇದು ಆಗಲೇ ಗೊತ್ತು. ‘ಯಮಾತಾರಾಜಭಾನಸಲಗಂ’ ಎಂದು ಬಾಯಿಪಾಠ ಮಾಡಿಸಿದ್ದರಲ್ಲ? ಯಗಣ ಬೇಕಾದರೆ ‘ಯ’ದಿಂದ ಮೂರಕ್ಷರ ತೆಗೆದುಕೊಳ್ಳಿ: ಯಮಾತಾ, ಲಘು ಗುರು ಗುರು. ಮಗಣಕ್ಕೆ ಮಾತಾರಾ, ಮೂರೂ ಗುರು. ತಗಣಕ್ಕೆ ತಾರಾಜ, ರಗಣಕ್ಕೆ ರಾಜಭಾ. ಹೀಗೆ ಒಂದೊಂದೇ ಅಕ್ಷರ ಮುಂದೆ ಸರಿಯುತ್ತಾ ಹೋದರೆ ಎಂಟು ಗಣಗಳೂ ಬರುತ್ತವೆ, ಒಂದೂ ಎರಡು ಸಲ ಬರುವುದಿಲ್ಲ. ಕೊನೆಯ ‘ಲಗಂ’ ಲಘು ಗುರು, ಮೊದಲಿನ ‘ಯಮಾ’ ಕೂಡ ಲಘು ಗುರು. ಕೊನೆಯ ಎರಡನ್ನು ಮೊದಲಿನ ಎರಡರ ಮೇಲೆ ಮಡಚಿದರೆ ಎಂಟಕ್ಷರದ ಬಳೆಯಾಗುತ್ತದೆ. ಗುರುವಿಗೆ ಕಪ್ಪು, ಲಘುವಿಗೆ ಬಿಳಿ ಬಳಿದು ಡಿಸ್ಕಿಗೆ ಅಂಟಿಸಿ, ಮೂರು ಕಣ್ಣಿನ ಹೆಡ್ ಇಡಿ. ಅದು ನೋಡುವ ಮೂರು ಬಣ್ಣಗಳೇ ಗಣ, ಗಣವೇ ವಿಳಾಸ. ಇದು 3 ಬಿಟ್‌ನ ಅಬ್ಸಲ್ಯೂಟ್ ಎನ್‌ಕೋಡರ್. ಮೂರಕ್ಷರದ ಬದಲು ಹದಿನಾಲ್ಕು ಅಕ್ಷರದ ಗಣ ಎಂದುಕೊಂಡರೆ 16,384 ವಿಳಾಸ; ನಿಮ್ಮ ಡಿಸ್ಕಿನ ಪ್ರತಿ ಗೆರೆಗೂ ಒಂದು. ಗ್ರೇ ಕೋಡಿಗೆ 14 ಪಟ್ಟಿ ಬೇಕಿದ್ದ ಕೆಲಸ ಒಂದು ಪಟ್ಟಿಯಲ್ಲಿ ಮುಗಿಯಿತು. ಎರಡು ಬಣ್ಣಗಳ ಗಡಿಯಲ್ಲಿ ನಿಂತು ತಪ್ಪು ಓದದಿರಲು, ಪಕ್ಕದ ಸೈನ್ ಕೊಸೈನ್ ಪಟ್ಟಿ ಯಾವ ಕಣ್ಣುಗಳನ್ನು ನಂಬಬೇಕೆಂದು ಹೇಳಿಕೊಡುತ್ತದೆ.

ಈ ಕೋಡುಗಳು ಎಷ್ಟೇ ಸೊಗಸಾಗಿದ್ದರೂ ನಿಮ್ಮ 38 ಸೆಕೆಂಡಿಗೆ ಸಂಬಂಧವಿಲ್ಲ. ವಿಳಾಸ ಸರಿ ಇದೆ, ಮನೆಯೇ ಸರಿದು ನಿಂತಿದೆ.

64 ಪಾಲು ಮಾಡುವಲ್ಲಿ ತಪ್ಪಿಲ್ಲವೇ? ಇದೆ, ಸಣ್ಣದು. ಸೈನ್ ಅಲೆಯ ಸೊನ್ನೆ ಅಲೆಯ ಎತ್ತರದ ಶೇ. 1ರಷ್ಟು ಮೇಲೆ ಕೂತಿದ್ದರೆ ನಿಮ್ಮ ಡಿಸ್ಕಿನಲ್ಲಿ ಸುಮಾರು 0.13 ಸೆಕೆಂಡ್. ಎರಡು ಅಲೆಗಳ ನಡುವೆ 90 ಡಿಗ್ರಿಯ ಬದಲು 91 ಇದ್ದರೆ 0.11 ಸೆಕೆಂಡ್. ಆಸಿಲೋಸ್ಕೋಪಿನಲ್ಲಿ ಎರಡೂ ಅಲೆಗಳನ್ನು ಒಂದರ ವಿರುದ್ಧ ಒಂದು ಹಾಕಿದರೆ ದುಂಡಗಿನ ವೃತ್ತ ಬರಬೇಕು. ಅದು ಅಂಡಾಕಾರವಾಗಿದ್ದರೆ ಲೆಕ್ಕದಲ್ಲೇ ದುಂಡಗೆ ಮಾಡುವ ವಿಧಾನವನ್ನು ಪೀಟರ್ ಹೈಡೆಮನ್ 1981ರಲ್ಲಿ ಪ್ರಕಟಿಸಿದರು, ಇಂದಿಗೂ ಅದೇ ಬಳಕೆಯಲ್ಲಿದೆ. ಟೇಬಲ್ ಬಹಳ ನಿಧಾನವಾಗಿ ತಿರುಗುತ್ತಾ ಕಟಿಂಗ್ ಮಾಡುವುದಾದರೆ ಈ ಸಣ್ಣ ತಪ್ಪು ಮೈಮೇಲೆ ಅಲೆಯಾಗಿ ಕಾಣಿಸೀತು, ಆಗ ಹೆಚ್ಚಿನ ಬಿಟ್‌ಗಳಿಗೂ ಅರ್ಥವಿದೆ. ನಿಲ್ಲಿಸಿ ಕೊರೆಯುವ ಟೇಬಲ್ಲಿಗೆ ಅಲ್ಲ.

ಎರಡನೇ ಹೆಡ್ ಹಾಕುವಾಗ ಒಂದು ಕಡೆ ಎಡವುತ್ತಾರೆ. ಎರಡೂ ಹೆಡ್‌ಗಳನ್ನು ಒಂದೇ ಕ್ಷಣದಲ್ಲಿ ಓದಬೇಕು. ಟೇಬಲ್ ಸೆಕೆಂಡಿಗೆ ಹತ್ತು ಸುತ್ತು ತಿರುಗುತ್ತಿದ್ದರೆ ಕಾಲದ ಒಂದು ಮೈಕ್ರೋಸೆಕೆಂಡಿನಲ್ಲಿ ಕೋನದ 13 ಸೆಕೆಂಡ್ ದಾಟಿಹೋಗುತ್ತದೆ. ನಿಮ್ಮದು ಅಷ್ಟು ವೇಗದ್ದಲ್ಲ, ಆದರೂ ಕಂಟ್ರೋಲರ್ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಓದುವಂತಿರಬಾರದು.

ಎಣ್ಣೆಯ ಬಗ್ಗೆ ಒಂದು ಮಾತು. ಹಿಂದೊಮ್ಮೆ ಒಂದು ಕಾರ್ಖಾನೆಯಲ್ಲಿ ನಾನೇ ಕೂರಿಸಿದ್ದ ಹೆಡ್ ಮಧ್ಯಾಹ್ನವಾದರೆ ಎಣಿಕೆ ತಪ್ಪುತ್ತಿತ್ತು. ಕೇಬಲ್ ಬದಲಿಸಿದೆ, ಅರ್ಥಿಂಗ್ ನೋಡಿದೆ, ಹೆಡ್ಡನ್ನೇ ಬದಲಿಸಿದೆ. ಕೊನೆಗೆ ಡಿಸ್ಕ್ ಬಿಚ್ಚಿ ಟಾರ್ಚ್ ಬಿಟ್ಟಾಗ ಗಾಜಿನ ಮೇಲೆ ಕೂಲೆಂಟಿನ ತೆಳು ಮಂಜು ಕಂಡಿತು. ಬೆಳಿಗ್ಗೆ ಇರುತ್ತಿರಲಿಲ್ಲ, ಯಂತ್ರ ಬಿಸಿಯೇರಿದಂತೆ ಕೂರುತ್ತಿತ್ತು. ಸೀಲ್ ಬದಲಿಸಿ, ಒಳಗೆ ಒಣಗಿದ ಶುದ್ಧ ಗಾಳಿ ಸ್ವಲ್ಪ ಒತ್ತಡದಲ್ಲಿ ಇರುವಂತೆ ಮಾಡಿದ ಮೇಲೆ ನಿಂತಿತು. ಗಾಜು ಬಿಸಿಗೆ ಹಿಗ್ಗುವುದಕ್ಕೆ ಮಾತ್ರ ಹೆದರಬೇಕಾಗಿಲ್ಲ. ನೇರ ಸ್ಕೇಲ್ ಬಿಸಿಯಾದರೆ ಅಳತೆ ಕೆಡುತ್ತದೆ. ಡಿಸ್ಕ್ ಎಲ್ಲ ಕಡೆ ಸಮವಾಗಿ ಹಿಗ್ಗಿದರೆ ಸುತ್ತಿಗೆ ಆಗಲೂ 360 ಡಿಗ್ರಿಯೇ. ಮೋಟಾರ್ ಒಂದೇ ಪಕ್ಕದಿಂದ ಕಾಯಿಸದಂತೆ ನೋಡಿಕೊಂಡರೆ ಸಾಕು.

ಈಗ ಮಾಡಬೇಕಾದದ್ದು: ಈಗಿರುವ ಮಾದರಿಯದೇ ಇನ್ನೊಂದು ಹೆಡ್ ತರಿಸಿ, ಎದುರಿಗೆ ಕೂರಿಸಿ, ವ್ಯತ್ಯಾಸ ನೋಡಿಕೊಂಡು ಹಬ್ಬನ್ನು 3 ಮೈಕ್ರಾನ್ ಒಳಗೆ ತನ್ನಿ, ಆಮೇಲೆ ಸರಾಸರಿಯ ಮೇಲೆ 12 ಓದುಗಳನ್ನು ಮತ್ತೆ ತೆಗೆಯಿರಿ. ತಪ್ಪು ಒಂದೆರಡು ಸೆಕೆಂಡಿಗೆ ಇಳಿದರೆ ಪಾಲಿಗನ್‌ನ ತಪ್ಪೇ ಅದರೊಳಗೆ ಸೇರಿರಬಹುದು. ಪಾಲಿಗನ್ನನ್ನು ಟೇಬಲ್ಲಿನ ಮೇಲೆ ಒಂದು ಮುಖದಷ್ಟು, 30 ಡಿಗ್ರಿ, ತಿರುಗಿಸಿಟ್ಟು ಹನ್ನೆರಡನ್ನೂ ಮತ್ತೆ ಓದಿ. ಮುಖದ ಜೊತೆ ಸರಿದು ಹೋದ ತಪ್ಪು ಪಾಲಿಗನ್‌ನದು, ಟೇಬಲ್ಲಿನ ಕೋನದಲ್ಲೇ ನಿಂತ ತಪ್ಪು ನಿಮ್ಮದು. ಹನ್ನೆರಡು ಸಲ ಹೀಗೆ ಮಾಡಿದರೆ ಎರಡೂ ಪೂರ್ತಿ ಬೇರೆಯಾಗುತ್ತವೆ, ಏಕೆಂದರೆ ಹನ್ನೆರಡು ಕೋನಗಳನ್ನು ಕೂಡಿದರೆ 360 ಡಿಗ್ರಿ ಬರಲೇಬೇಕು. ಅಷ್ಟು ವ್ಯವಧಾನವಿಲ್ಲದಿದ್ದರೆ ನಿಮ್ಮ ನೆರೆಯಲ್ಲೇ, ತುಮಕೂರು ರಸ್ತೆಯಲ್ಲಿ, ಸಿಎಂಟಿಐ (ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್) ಇದೆ; ಪಾಲಿಗನ್ ಪರೀಕ್ಷೆಗೆ ಅಲ್ಲಿ ವಿಚಾರಿಸಿ. ಎರಡನೇ ಸುತ್ತಿನ ಓದುಗಳಲ್ಲಿ ಎರಡು ಏರು ಎರಡು ಇಳಿವು ಕಂಡರೆ ಹಬ್ಬಿನ ಸ್ಕ್ರೂಗಳನ್ನು ಸಡಿಲಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಮತ್ತೆ ಬಿಗಿ ಮಾಡಿ, ಆಮೇಲೆ ಆ ಅಂಕಿಗಳನ್ನು ನನಗೆ ಕಳುಹಿಸಿ.